ಸುವಾರ್ತವ್ವನ ಸಿಟ್ಟು

ಬಹಳ ಹಿಂದೆ, ಈ ಹೊಳೆಗೆ ಸೇತುವೆ ಅನ್ನುವುದೇ ಗೊತ್ತಿರದ ಕಾಲದಲ್ಲಿ, ಸುಣ್ಣದಿನ್ನಿ ಅಂತ ಒಂದೂರು. ಊರಿನ ಕೆಳಗೆ ಹೊಳೆ. ಹೊಳೆಯ ನಡುವೆ ಒಂದು ನಡುಗಡ್ಡೆ, ಅದರ ಹೆಸರು ಬೂದಗಡ್ಡೆ. ಗಡ್ಡೆಯ ಮೇಲೆ ಅಂಬಿಗರು, ಕುರಿ ಸಾಕುವವರು, ಸಜ್ಜೆ ಬೆಳೆದುಕೊಂಡು ತಿನ್ನುವ ಬಡವರು. ದಾಟಬೇಕೆಂದರೆ ಹರಿಗೋಲು. ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡನೆಯ ಬುಟ್ಟಿ ಇದ್ದರೆ ಗಡ್ಡೆಗೆ ಜಗತ್ತುಂಟು, ಇಲ್ಲದಿದ್ದರೆ ಇಲ್ಲ. ಆ ಊರಲ್ಲಿ, ಆ ಗಡ್ಡೆಯಲ್ಲಿ ಒಬ್ಬಳು ಇದ್ದಳು ಅಂತಾರೆ. ಹೆಸರು ಸುವಾರ್ತವ್ವ. ಔಷಧಿ ಕೊಡುವವಳು. ಅವಳಷ್ಟು ಸಿಟ್ಟಿನ ಹೆಂಗಸು ಈ ಸೀಮೆಯಲ್ಲಿ ಮತ್ತೆ ಹುಟ್ಟಲಿಲ್ಲ ಅಂತಾರೆ.

ಅವಳು ಬೈದರೆ ಜ್ವರ ಇಳಿಯುತ್ತಿತ್ತು ಅಂತಾರೆ. ಅವಳು ಕಣ್ಣು ಬಿಟ್ಟು ನೋಡಿದರೆ ಹಾವಿನ ವಿಷ ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು ಅಂತಾರೆ. ಅದೆಲ್ಲ ಹೇಳುವವರ ಬಾಯಿಗೆ ಬಿಟ್ಟದ್ದು. ಜ್ವರ ಇಳಿದದ್ದು ಔಷಧಿಗೆ. ಬೈದದ್ದು ಮಾತ್ರ ಖರೆ.

ಅವಳು ಸುಣ್ಣದಿನ್ನಿಯ ಹೊರಗೇರಿಯವಳು. ಊರವರು ಮುಟ್ಟಿಸಿಕೊಳ್ಳದ ಕೇರಿ ಅದು. ಅಪ್ಪ ಅವ್ವ ಇಬ್ಬರೂ ಹುಲ್ಲು ಕೊಯ್ದು ಮಾರುವವರು. ಅವಳು ಚಿಕ್ಕವಳಿದ್ದಾಗಲೇ ಸಮುದ್ರದಾಚೆಯಿಂದ ಒಬ್ಬ ಡಾಕ್ಟರು ದೊರಸಾನಿ ಬಂದಳು. ಹ್ಯಾರಿಯೆಟ್ ಅಂತ ಹೆಸರು. ನಮ್ಮವರ ನಾಲಿಗೆಗೆ ಅದು ಒಗ್ಗದೆ ಹರಿಯವ್ವ ಅಂದರು. ಹರಿಯವ್ವ ಎತ್ತಿನ ಬಂಡಿಯಲ್ಲಿ ಬಂದು, ಹೊಳೆಯ ದಂಡೆಯಲ್ಲಿ ಕಲ್ಲಿನ ಮನೆ ಕಟ್ಟಿಸಿ, ಬೇವಿನ ಗಿಡದ ಕೆಳಗೆ ಒಂದು ಹಾಸುಗಲ್ಲು ಹಾಕಿಸಿದಳು. ಊರಿನ ಒಡೆಯರಾದ ದೇಸಾಯರ ಮನೆಯವರು ಬಂದರೂ ಆ ಕಲ್ಲಿನ ಮೇಲೇ ಕೂಡಬೇಕು, ಹೊರಗೇರಿಯವರು ಬಂದರೂ ಆ ಕಲ್ಲಿನ ಮೇಲೇ ಕೂಡಬೇಕು. ದೇಸಾಯರ ಮನೆಯವರು ಬಹಳ ದಿನ ಬರಲಿಲ್ಲ. ಹಲ್ಲುನೋವು ಬಂದಾಗ ಬಂದರು.

ದೊರಸಾನಿ ತನ್ನ ದೇವರ ಮಾತು ಹೇಳುತ್ತಿದ್ದಳು, ಮುರುಕು ಕನ್ನಡದಲ್ಲಿ ಹಾಡು ಹಾಡುತ್ತಿದ್ದಳು. ಕೇಳುವವರು ಕೇಳಿದರು, ಆಕಳಿಸುವವರು ಆಕಳಿಸಿದರು. ಔಷಧಿ ಎಲ್ಲರಿಗೂ ಸಿಕ್ಕಿತು. ಹೊರಗೇರಿಯ ಆ ಹುಡುಗಿಯನ್ನು ಕರೆದು ಅಕ್ಷರ ಕಲಿಸಿದಳು, ಗಾಯ ತೊಳೆಯುವುದು ಕಲಿಸಿದಳು, ಬಾಣಂತನ ಕಲಿಸಿದಳು. ಹುಡುಗಿ ಎಲ್ಲವನ್ನೂ ಕಲಿತಳು. ಸಮಾಧಾನ ಒಂದನ್ನು ಬಿಟ್ಟು.

ದೊರಸಾನಿ ಅದಕ್ಕೂ ಪ್ರಯತ್ನ ಪಟ್ಟಳಂತೆ. ರೋಗಿಗಳ ಮೇಲೆ ಸಿಟ್ಟು ಮಾಡಬಾರದು ಅಂತ ತಿಳಿಸಿ ಹೇಳಿದಳಂತೆ. ಸುವಾರ್ತವ್ವ, ನಾನು ರೋಗಿಗಳ ಮೇಲೆ ಎಲ್ಲಿ ಸಿಟ್ಟು ಮಾಡೀನಿ, ಅವರನ್ನು ತಡ ಮಾಡಿ ತರುವವರ ಮೇಲೆ ಮಾಡೀನಿ ಅಂದಳಂತೆ.

ಅದೂ ನಿಜವೇ. ಯಮನೂರಪ್ಪ ಅಂತ ಗಡ್ಡೆಯ ಒಬ್ಬ ಕುರಿಗಾರ ಇದ್ದ. ಹೆಂಡತಿಗೆ ಬೇನೆ ಶುರುವಾಗಿ ಹಗಲು ಕಳೆದು, ಮತ್ತೊಂದು ಹಗಲು ಬಂದ ಮೇಲೆ ಅವಳನ್ನು ಹೊರಸಿನ ಮೇಲೆ ಹೊತ್ತು ತಂದ. ಯಾಕೆ ತಡ ಅಂದರೆ ಅಮಾವಾಸ್ಯೆ ಕಳೆಯಲಿ ಅಂತ ಕಾದೆ ಅಂದ. ಸುವಾರ್ತವ್ವ ಅವನನ್ನು ಹೊರಗೆ ಕೂಡಗೊಡಲಿಲ್ಲ. ಒಳಗೆ ಎಳೆದುಕೊಂಡು ಹೋಗಿ ಕೈಯಲ್ಲಿ ಬೋಗುಣಿ ಕೊಟ್ಟು ನಿಲ್ಲಿಸಿದಳು.

"ಅಮಾಸಿ ಕಳೀಲಿ ಅಂದೆಲ್ಲ? ಈಗ ನೋಡು, ಏನು ಕಳೀತೈತಿ ಅಂತ ನಿಂತು ನೋಡು."

ಅವನು ರಕ್ತ ನೋಡಿ ಕುಸಿದು ಬಿದ್ದ. ಮುಖಕ್ಕೆ ನೀರು ಹೊಡೆದು ಎಬ್ಬಿಸಿ ಮತ್ತೆ ಬೋಗುಣಿ ಕೊಟ್ಟಳು. ತಾಯಿ ಉಳಿದಳು, ಕೂಸೂ ಉಳಿಯಿತು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಯಾವ ಹೆಂಗಸು ಹೊಟ್ಟೆ ಹಿಡಿದುಕೊಂಡರೂ ಮೊದಲು ದವಾಖಾನೆಗೆ ಓಡಿ ಬಂದು ಹೇಳುವವನು ಯಮನೂರಪ್ಪನೇ ಅಂತಾರೆ. ಹೊಟ್ಟೆನೋವು ಅಜೀರ್ಣದ್ದಾದರೂ ಓಡಿ ಬರುತ್ತಿದ್ದನಂತೆ.

ಹೀಗೆ ನಡೆದಿತ್ತು. ಮಳೆಗಾಲಗಳು ಬಂದವು, ಹೋದವು. ದೊರಸಾನಿ ಮುದುಕಿಯಾದಳು. ಒಂದು ಬೇಸಿಗೆಯಲ್ಲಿ ಮಲಗಿದವಳು ಏಳಲಿಲ್ಲ. ಬೇವಿನ ಗಿಡದ ಕೆಳಗೇ ಮಣ್ಣು ಮಾಡಿ ಮೇಲೊಂದು ಕಲ್ಲಿನ ಕಟ್ಟೆ ಕಟ್ಟಿದರು. ಹೊರಗೇರಿಯವರು ಅತ್ತರು, ಗಡ್ಡೆಯವರು ಅತ್ತರು, ದೇಸಾಯರ ಮನೆಯಿಂದಲೂ ಒಬ್ಬ ಆಳು ಬಂದು ನಿಂತು ಹೋದ.

ಕಟ್ಟೆಯ ಗಾರೆ ಒಣಗುವುದರೊಳಗೆ ಪಟ್ಟಣದಿಂದ ದೊರಸಾನಿಯ ಮಿಷನ್ನಿನ ಕಮಿಟಿಯವರು ಕುದುರೆ ಗಾಡಿಯಲ್ಲಿ ಬಂದರು. ಮುಂದೆ ಒಬ್ಬ ಪಾದ್ರಿ, ಹಿಂದೆ ಕೋಟು ಹಾಕಿದವರು. ಮನೆ ತಿರುಗಿ ನೋಡಿದರು. ಸಣ್ಣ ಜಾಗ, ದೂರದ ಜಾಗ ಅಂದರು. ಪಟ್ಟಣದಲ್ಲಿ ನಮ್ಮದು ದೊಡ್ಡ ಆಸ್ಪತ್ರೆ ಎದ್ದಿದೆ, ಇಲ್ಲಿಯವರು ಇನ್ನು ಅಲ್ಲಿಗೇ ಬರಲಿ ಅಂದರು.

"ಹ್ಯಾಂಗ ಬರ್ತಾರ?" ಅಂತ ಕೇಳಿದಳು ಸುವಾರ್ತವ್ವ.

ಮನಸ್ಸಿದ್ದವರು ಹೇಗಾದರೂ ಬರುತ್ತಾರೆ ಅಂದ ಪಾದ್ರಿ.

"ಪಟ್ಟಣಕ್ಕ ಬರಾಕ ಆಗೋರು ಹ್ಯಾಂಗರ ಬದುಕ್ತಾರ್ರೀ, ಅಯ್ಯನೋರೆ. ಬರಾಕ ಆಗದವ್ರ ಸಲುವಾಗೇ ಆಕಿ ಇಲ್ಲಿ ಮನಿ ಕಟ್ಟಿದ್ದು. ಬರಾಕ ಆಗೋರ ಊರಾಗೇ ಕಟ್ಟೋದಿದ್ರ ಆಕಿ ತನ್ನ ಊರಾಗೇ ಕಟ್ಟಿಕೊಂತಿದ್ದಳು."

ಪಾದ್ರಿ ನಕ್ಕ. ನಿನ್ನ ಸೇವೆಯನ್ನು ದೇವರು ಮರೆಯುವುದಿಲ್ಲ ಅಂದ. ಬೀಗದ ಕೈ ಇಸಿದುಕೊಂಡ.

ಮುಂದೆ ನಡೆದದ್ದು ಹೇಳಲಿಕ್ಕೂ ನಾಚಿಕೆ. ಆ ಮನೆಯನ್ನು ದೇಸಾಯಿ ಅಮರಪ್ಪನಿಗೆ ಕೊಟ್ಟುಬಿಟ್ಟರು. ಊರು ಅವನದು, ಹೊಳೆಯ ಕಡವೂ ಅವನದು. ಅವನು ಹೇಳಿದರೆ ಹರಿಗೋಲು ನೀರಿಗಿಳಿಯಬೇಕು, ಬೇಡ ಅಂದರೆ ದಂಡೆಯಲ್ಲಿ ಕವುಚಿ ಬೀಳಬೇಕು. ಕೂಸುಗಳು ಹುಟ್ಟಿದ ಕೋಣೆಯಲ್ಲಿ ಅವನು ಒಣಮೆಣಸಿನಕಾಯಿ ಚೀಲ ಒಟ್ಟಿದ. ದಾರಿಯಲ್ಲಿ ಹೋಗುವವರು ಸೀನುತ್ತಾ ಹೋದರು.

ಸುವಾರ್ತವ್ವ ಅಳಲಿಲ್ಲ ಅಂತಾರೆ. ದೊರಸಾನಿಯ ಔಷಧಿ ಪೆಟ್ಟಿಗೆಯನ್ನು ತಲೆಯ ಮೇಲೆ ಇಟ್ಟುಕೊಂಡು ಕಡವಿಗೆ ಬಂದಳು. ಅಂಬಿಗರ ಜಟ್ಟೆಪ್ಪ ಅವಳನ್ನು ಗಡ್ಡೆಗೆ ದಾಟಿಸಿ, ತನ್ನ ಗುಡಿಸಲಿನ ಪಕ್ಕದಲ್ಲೇ ಒಂದು ಗುಡಿಸಲು ಹಾಕಿಕೊಟ್ಟ. ಅವನ ಸೊಸೆ ಹುಲಿಗೆವ್ವ ನೆಲ ಸಾರಿಸಿಕೊಟ್ಟಳು. ಔಷಧಿ ತೀರಿದಾಗಲೆಲ್ಲ ಸುವಾರ್ತವ್ವ ಹೊಳೆ ದಾಟಿ, ಪಟ್ಟಣಕ್ಕೆ ನಡೆದು, ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಧರ್ಮಕ್ಕೆ ಕೊಡುತ್ತೇವೆ ತಗೋ ಅಂದರೆ ಅವಳಿಗೆ ಮೈಯೆಲ್ಲ ಉರಿ.

"ಧರ್ಮ ಅನಬ್ಯಾಡ್ರಿ. ನಿಮ್ಮ ಪ್ಯಾಟ್ಯಾಗ ರೋಗ ಬಂದ್ರ ಔಷಧ, ನಮ್ಮ ಗಡ್ಡ್ಯಾಗ ಬಂದ್ರ ಧರ್ಮ? ತರ್ರಿ ಇತ್ತಾಗ."

ಕೊಡುವವರು ಕಿವಿ ಮುಚ್ಚಿಕೊಳ್ಳಲಿಕ್ಕಾದರೂ ಬೇಗ ಬೇಗ ಕೊಟ್ಟು ಕಳಿಸುತ್ತಿದ್ದರು ಅಂತಾರೆ.

ಆಮೇಲೆ ಆ ಮಳೆಗಾಲ ಬಂತು. ಹೊಳೆಗೆ ಕೆಂಪು ನೀರು ಬಂತು. ನೀರಿನ ಹಿಂದೆಯೇ ವಾಂತಿಭೇದಿ ಬಂತು.

ಮೊದಲು ಗಡ್ಡೆಗೆ ಬಡಿಯಿತು. ಮುಂಜಾನೆ ಹೊಲಕ್ಕೆ ಹೋದವರು ಹೊಲದಲ್ಲೇ ಬಿದ್ದರು. ಸುವಾರ್ತವ್ವ ಇದ್ದ ಔಷಧಿಯನ್ನೆಲ್ಲ ಕೊಟ್ಟಳು. ನೀರು ಕಾಯಿಸಿ ಕುಡಿಯಿರಿ ಅಂತ ಮನೆ ಮನೆಗೆ ಬೈದು ಹೇಳಿದಳು. ಉಪ್ಪು ತೀರಿತು, ಬೆಲ್ಲ ತೀರಿತು, ಪೆಟ್ಟಿಗೆಯೂ ಬರಿದಾಯಿತು. ಅವಳು ಜಟ್ಟೆಪ್ಪನ ಹರಿಗೋಲಿನಲ್ಲಿ ದಾಟಿ ಪಟ್ಟಣಕ್ಕೆ ಹೋದಳು. ಜಟ್ಟೆಪ್ಪ ಅವಳು ಬರುವವರೆಗೂ ದಂಡೆಯಲ್ಲಿ ಕಾದ.

ಅವಳು ಪೆಟ್ಟಿಗೆ ತುಂಬಿಸಿಕೊಂಡು, ಉಪ್ಪಿನ ಗಂಟೊಂದು, ಬೆಲ್ಲದ ಗಂಟೊಂದು ಹೊತ್ತುಕೊಂಡು ತಿರುಗಿ ಬಂದಾಗ ಹೊತ್ತು ನೆತ್ತಿಗೇರಿತ್ತು. ಕಡವಿನಲ್ಲಿ ಹರಿಗೋಲುಗಳೆಲ್ಲ ಕವುಚಿ ಬಿದ್ದಿದ್ದವು. ಒಂದೊಂದರ ಮೇಲೂ ದೇಸಾಯಿಯ ಆಳು ಕೂತಿದ್ದ. ಜಟ್ಟೆಪ್ಪನನ್ನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂಡಿಸಿದ್ದರು. ದೇಸಾಯಿ ಬೇವಿನ ನೆರಳಲ್ಲಿ, ದೊರಸಾನಿಯ ಗೋರಿಯ ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದ.

ಆಚೆ ಗಡ್ಡೆಯ ದಂಡೆಯಲ್ಲಿ ಜನ ನಿಂತಿದ್ದರು. ಮುಂದೆ ಒಬ್ಬಳು ಬಿಳಿ ಬಟ್ಟೆ ಬೀಸುತ್ತಿದ್ದಳು. ಅವಳು ಹುಲಿಗೆವ್ವ. ಬಸುರಿ. ಬೀಸುತ್ತಾ ಬೀಸುತ್ತಾ ಕೂತುಬಿಟ್ಟಳು, ಮತ್ತೆ ಎದ್ದು ಬೀಸಿದಳು. ನೀರಿನ ಸದ್ದಿಗೆ ಕೂಗು ಕೇಳುತ್ತಿರಲಿಲ್ಲ. ಬಟ್ಟೆ ಮಾತ್ರ ಕಾಣುತ್ತಿತ್ತು.

ಸುವಾರ್ತವ್ವ ಗೋರಿಯ ಮುಂದೆ ಹೋಗಿ ನಿಂತಳು.

"ಮೊದಲ ಅಲ್ಲಿಂದ ಏಳು."

ಹೊರಗೇರಿಯ ಹೆಂಗಸು ದೇಸಾಯಿಗೆ ಏಳು ಅಂದದ್ದು ಆ ಊರು ಕೇಳಿದ್ದು ಅದೇ ಮೊದಲು ಅಂತಾರೆ. ಆಳುಗಳು ಎದ್ದು ನಿಂತರು. ದೇಸಾಯಿ ಏಳಲಿಲ್ಲ. ರೋಗ ಆಚೆ ಐತಿ, ಆಚೇನೇ ಇರಲಿ, ನಾನು ನನ್ನ ಊರು ಕಾಯಬೇಕು ಅಂದ.

"ರೋಗ ಹರಿಗೋಲ ಹತ್ತಿ ಬರ್ತೈತೇನು, ದೇಸಾಯಿ? ಗಡ್ಡಿ ಮುಟ್ಟಿದ ನೀರೇ ನಿನ್ನ ಊರ ಮುಂದ ಹರೀತೈತಿ. ನಿನ್ನ ಮನ್ಯಾಗಿನ ಕೊಡ ಇದೇ ನೀರಿಗಿ ಬಂದಿತ್ತಿಲ್ಲೋ ಮುಂಜಾನೆ? ನೀ ತಡದದ್ದು ರೋಗ ಅಲ್ಲ. ನೀ ತಡದದ್ದು ಔಷಧ."

ದೇಸಾಯಿ ಎಲೆಯ ರಸ ಉಗುಳಿ, ಈ ಹುಚ್ಚಿಯನ್ನು ಅತ್ತ ಕಳಿಸ್ರೋ ಅಂದ.

ಆಚೆ ದಂಡೆಯಲ್ಲಿ ಬಿಳಿ ಬಟ್ಟೆ ನಿಂತುಹೋಯಿತು.

ಆಗ ಸುವಾರ್ತವ್ವ ಮಾತು ಬಿಟ್ಟಳು. ನೆಲದಿಂದ ಒಂದು ಗುಂಡುಕಲ್ಲು ಎತ್ತಿಕೊಂಡಳು. ದೇಸಾಯಿಯ ತಲೆಗೇ ಬಂತು ಅಂತ ಆಳುಗಳು ಅಡ್ಡ ಬಂದರು. ಅವಳು ಅವರ ಕಡೆ ನೋಡಲೂ ಇಲ್ಲ. ನೆಟ್ಟಗೆ ಕಲ್ಲಿನ ಮನೆಗೆ ಹೋದಳು, ಬೀಗ ಜಜ್ಜಿ ಮುರಿದಳು. ಕೀಲಿನಿಂದ ಬಾಗಿಲನ್ನು ಕಿತ್ತಳು. ದೊರಸಾನಿ ಮಾಡಿಸಿದ ತೇಗದ ಬಾಗಿಲು, ಆಳೆತ್ತರದ್ದು. ಒಬ್ಬಳಿಗೇ ಎಳೆಯಲು ಬರಲಿಲ್ಲ. ಹೊರಗೇರಿಯ ಹೆಂಗಸರು ದೂರ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬಳು ಸೆರಗು ಸಿಕ್ಕಿಸಿಕೊಂಡು ಬಂದು ಇನ್ನೊಂದು ತುದಿ ಹಿಡಿದಳು. ಅವಳ ಹಿಂದೆ ಮತ್ತೊಬ್ಬಳು. ಆಮೇಲೆ ಎಲ್ಲರೂ. ಕೇರಿಯಲ್ಲಿದ್ದ ಒಣ ಸೋರೆಬುರುಡೆಗಳನ್ನೆಲ್ಲ ತಂದು ತೇಲಲಿ ಅಂತ ಬಾಗಿಲ ಅಡಿಗೆ ಕಟ್ಟಿದರು. ಆಳುಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹರಿಗೋಲು ಬಿಡಬೇಡಿ ಅಂತ ಹೇಳಿದ್ದರೇ ಹೊರತು ಬಾಗಿಲು ಬಿಡಬೇಡಿ ಅಂತ ಯಾರೂ ಹೇಳಿರಲಿಲ್ಲ.

ಬಾಗಿಲು ನೀರಿಗೆ ಬಿತ್ತು. ಸುವಾರ್ತವ್ವ ಪೆಟ್ಟಿಗೆ, ಗಂಟು ಕಟ್ಟಿಕೊಂಡು ಬಾಗಿಲ ಮೇಲೆ ಕೂತಳು. ಅವಳಿಗೆ ಈಜು ಬರುತ್ತಿರಲಿಲ್ಲ. ಆಗ ಜಟ್ಟೆಪ್ಪ ಎದ್ದ. ಮುಂದೆ ನಿಂತಿದ್ದ ಆಳನ್ನು ಒಂದೇ ನೂಕಿಗೆ ಕೆಡವಿ ಹೊಳೆಗೆ ಹಾರಿದ.

ಆ ದಾಟುವಿಕೆಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ಮೊಸಳೆಗಳು ಎರಡು ಸಾಲಾಗಿ ನಿಂತು ದಾರಿ ಬಿಟ್ಟವು ಅಂತಾರೆ. ಹೊಳೆ ಅವಳ ಸಿಟ್ಟಿಗೆ ಅಂಜಿ ಮೊಣಕಾಲು ಮಟ್ಟಕ್ಕೆ ಇಳಿಯಿತು ಅಂತಾರೆ. ಹರಿಯವ್ವ ದೊರಸಾನಿ ಗೋರಿಯಿಂದ ಎದ್ದು ಬಂದು ಹಿಂದಿನಿಂದ ತಳ್ಳಿದಳು ಅಂತಾರೆ. ತಳ್ಳಿದವನು ಜಟ್ಟೆಪ್ಪ. ಹೊಳೆ ಇಳಿಯಲೂ ಇಲ್ಲ, ಅಂಜಲೂ ಇಲ್ಲ. ಬಾಗಿಲು ಸುಳಿಯಲ್ಲಿ ಸಿಕ್ಕಿ ತಿರುಗಿತು, ಉಪ್ಪಿನ ಗಂಟು ನೀರುಪಾಲಾಗಿ ಬೆಲ್ಲದ್ದೊಂದೇ ಉಳಿಯಿತು, ಅವಳು ಪೆಟ್ಟಿಗೆಯನ್ನು ಅವುಚಿಕೊಂಡು ಹೊಳೆಯನ್ನೂ ಬೈದಳು. ಸಿಕ್ಕಸಿಕ್ಕ ಹಾಗೆ ಬೈದಳು. ಗಡ್ಡೆಯ ಕೆಳತುದಿಯಲ್ಲಿ ಕಲ್ಲಿಗೆ ಬಡಿದು ನಿಂತರು.

ಓಡಿ ಬಂದು ನೋಡಿದರೆ ಹುಲಿಗೆವ್ವ ದಂಡೆಯ ಮರಳಿನ ಮೇಲೆ ಬಿದ್ದಿದ್ದಳು. ಬಟ್ಟೆ ಕೈಯಲ್ಲೇ ಇತ್ತು. ಮೈ ಇನ್ನೂ ಬೆಚ್ಚಗಿತ್ತು, ಅಷ್ಟೇ. ಅವಳ ಜೊತೆಗೆ ಹೊಟ್ಟೆಯಲ್ಲಿದ್ದದ್ದೂ ಹೋಯಿತು.

ಜಟ್ಟೆಪ್ಪ ಸೊಸೆಯ ಪಕ್ಕದಲ್ಲಿ ಕೂತುಬಿಟ್ಟ. ಸುವಾರ್ತವ್ವ ಕೂಡಲಿಲ್ಲ. ಕೂತರೆ ಇನ್ನೊಬ್ಬರು ಹೋಗುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಹಸಿ ನೀರು ತುಂಬಿದ ಕೊಡ ಕಂಡಲ್ಲೆಲ್ಲ ಕೋಲಿನಿಂದ ಒಡೆದು ಹಾಕಿದಳು. ಕುರಿ ತುಪ್ಪಳ ಕುದಿಸುವ ದೊಡ್ಡ ಕೊಪ್ಪರಿಗೆಯನ್ನು ತಿಕ್ಕಿಸಿ ನೀರು ಕಾಯಿಸಿದಳು. ಉಪ್ಪಿಗೆ ಏನು ಮಾಡುವುದು? ಕುರಿಗಾರರು ಕುರಿಗಳಿಗೆ ನೆಕ್ಕಿಸಲು ಇಟ್ಟುಕೊಂಡಿದ್ದ ಉಪ್ಪಿನ ಹೆಂಟೆಯನ್ನು ಯಮನೂರಪ್ಪ ಹುಡುಕಿ ತಂದ. ಉಪ್ಪು ಬೆಲ್ಲ ಕಲಸಿದ ನೀರನ್ನು ಒಬ್ಬೊಬ್ಬರ ಬಾಯಿಗೂ ಚಮಚದಲ್ಲಿ ಹಾಕಿಸಿದಳು. ಕಕ್ಕಿದರೆ ಮತ್ತೆ ಹಾಕು, ಮತ್ತೆ ಕಕ್ಕಿದರೆ ಮತ್ತೆ ಹಾಕು. ಕೈ ಸೋತು ಕೂತವರನ್ನು ಬೈದು ಎಬ್ಬಿಸಿದಳು. ಹೋಗುವವರು ಕೆಲವರು ಹೋದರು. ಬಹಳ ಮಂದಿ ಉಳಿದರು.

ಗಡ್ಡೆಯಲ್ಲಿ ರೋಗ ಇಳಿಯುತ್ತಾ ಬರುವಾಗ ಸುಣ್ಣದಿನ್ನಿಯಲ್ಲಿ ಏರಿತು. ಅವಳು ಹೇಳಿದ ಹಾಗೇ ನೀರಿನಲ್ಲಿ ಬಂತು. ದೇಸಾಯಿಯ ಮನೆಯ ಕೊಡದಲ್ಲಿ ಬಂತು. ಅವನ ಮಗಳು, ಹೆರಿಗೆಗೆ ತವರಿಗೆ ಬಂದ ಎಳೆ ಬಾಣಂತಿ, ಹಾಸಿಗೆ ಹಿಡಿದಳು. ಆಗ ನೋಡಿ, ಕವುಚಿ ಬಿದ್ದ ಹರಿಗೋಲುಗಳು ಎಷ್ಟು ಬೇಗ ನೀರಿಗಿಳಿದವು! ದೇಸಾಯಿಯ ಆಳು ಗಡ್ಡೆಗೆ ಬಂದು ಕೈ ಮುಗಿದು ನಿಂತ.

ಜಟ್ಟೆಪ್ಪ ಅವಳ ದಾರಿಗೆ ಅಡ್ಡ ನಿಂತ.

"ಹೋಗ್ತೀಯೇನು? ನನ್ನ ಸೊಸಿ ಸುಟ್ಟ ಬೂದಿ ಇನ್ನಾ ಆರಿಲ್ಲ. ಹೋಗ್ತೀಯೇನು ನೀನು?"

ಹೋಗಬಾರದು ಅಂತ ಸುವಾರ್ತವ್ವನಿಗೂ ಅನ್ನಿಸಿತ್ತು. ಆ ಗೋರಿಯ ಮೇಲೆ ಕೂತು ಎಲೆ ಹಾಕಿದವನ ಮಗಳು. ಸಾಯಲಿ, ಅವನಿಗೂ ಗೊತ್ತಾಗಲಿ ಅಂತ ಅನ್ನಿಸಿತ್ತು. ಆದರೂ ಪೆಟ್ಟಿಗೆ ಎತ್ತಿಕೊಂಡಳು. ಆಳಿಗೆ ಹೇಳಿದಳು:

"ನಾನು ಅವನ ಮನಿಗೆ ಬರಂಗಿಲ್ಲ. ಮಗಳನ್ನ ದವಾಖಾನಿಗೆ ತರಲಿ. ಮೆಣಸಿನಕಾಯಿ ಚೀಲ ಅವನೇ ಹೊತ್ತು ಹೊರಗ ಹಾಕಲಿ. ಆಳು ಮುಟ್ಟಬಾರ್ದು. ಹೊರಗೇರಿ ಮಂದೀನೂ ಅಲ್ಲೇ ಮಲಗ್ತಾರ, ಅವನ ಮಗಳೂ ಅಲ್ಲೇ ಮಲಗ್ತಾಳ. ಒಪ್ಪಿದ್ರ ಹೂಂ ಅನ್ನಲಿ."

ದೇಸಾಯಿ ಹೂಂ ಅಂದ. ಹಗಲು ಹೊತ್ತಿನಲ್ಲಿ, ಊರೆಲ್ಲ ನೋಡುತ್ತಿರುವಾಗ, ದೇಸಾಯಿ ಅಮರಪ್ಪ ಚೀಲ ಹೊತ್ತ. ಸೀನುತ್ತಾ, ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಹೊತ್ತ. ಅದು ಮೆಣಸಿನಕಾಯಿಯ ನೀರೋ ಮಗಳ ಸಲುವಾಗಿ ಬಂದ ನೀರೋ ಯಾರೂ ಕೇಳಲಿಲ್ಲ. ಬಾಗಿಲಿಲ್ಲದ ಆ ಮನೆಯಲ್ಲಿ ಅವನ ಮಗಳು ಹೊರಗೇರಿಯ ಒಬ್ಬ ಮುದುಕಿಯ ಪಕ್ಕದಲ್ಲಿ ಮಲಗಿ ಬದುಕಿಕೊಂಡಳು. ಮುದುಕಿಯೂ ಬದುಕಿದಳು.

ಜಟ್ಟೆಪ್ಪ ಮಾತ್ರ ಸುವಾರ್ತವ್ವನ ಜೊತೆ ಮಾತು ಬಿಟ್ಟ. ಅವಳನ್ನು ದಾಟಿಸುತ್ತಿದ್ದ, ಮುಖ ತಿರುಗಿಸಿಕೊಂಡು ಹುಟ್ಟು ಹಾಕುತ್ತಿದ್ದ.

ಸುದ್ದಿ ಪಟ್ಟಣಕ್ಕೆ ಹೋಯಿತು. ಪಾದ್ರಿ ಮತ್ತೆ ಬಂದ, ಕೋಟಿನವರೂ ಬಂದರು, ಹೂವಿನ ಹಾರ ತಂದರು. ಬೇವಿನ ಕೆಳಗೆ ದೇಸಾಯಿಯನ್ನೂ ಜನರನ್ನೂ ಸೇರಿಸಿ ಪಾದ್ರಿ ಮಾತಾಡಿದ. ನೋಡಿ, ಈ ತಾಯಿ ತನಗೆ ಕೇಡು ಮಾಡಿದವರನ್ನು ಕ್ಷಮಿಸಿದಳು, ಅವರ ಮಗಳನ್ನೇ ಬದುಕಿಸಿದಳು, ನಮ್ಮ ಧರ್ಮ ಕಲಿಸುವುದೂ ಇದನ್ನೇ ಅಂದ. ಹಾರ ಎತ್ತಿದ.

ಸುವಾರ್ತವ್ವ ಎದ್ದು ನಿಂತಳು. ಹಾರ ಕೊರಳಿಗೆ ಬೀಳುವ ಮೊದಲೇ ಕೈಯಿಂದ ತಡೆದಳು.

"ನಾ ಕ್ಷಮಿಸೀನಂತ ನಿಮಗ ಯಾರು ಹೇಳಿದ್ರು?"

ಪಾದ್ರಿಯ ಕೈ ಗಾಳಿಯಲ್ಲೇ ನಿಂತಿತು.

"ಔಷಧ ಕೊಡೋದು ನನ್ನ ಕೆಲಸ, ಕೊಟ್ಟೆ. ಕ್ಷಮಿಸೋದು ಬ್ಯಾರೆ ಕೆಲಸ. ಅದನ್ನ ಹುಲಿಗೆವ್ವ ಮಾಡಬೇಕು, ಆಕಿ ಇಲ್ಲ. ಈ ದೇಸಾಯಿನ ನಾ ಕ್ಷಮಿಸಿಲ್ಲ. ಈ ಮನೀನ ಇವನ ಕೈಗೆ ಕೊಟ್ಟೋರು ನೀವು. ನಿಮ್ಮನ್ನೂ ಕ್ಷಮಿಸಿಲ್ಲ. ಹೂವು ನನಗ್ಯಾಕ? ಔಷಧ ತಂದೀರೇನು? ಇಲ್ಲಂದ್ರ ಹೋಗಿ ತಗೊಂಡು ಬರ್ರಿ. ತಂದ ಮ್ಯಾಲ ಕೂಡ್ರಿ, ಅಲ್ಲೀತನಕ ನಿಂತಿರ್ರಿ."

ಹಾಸುಗಲ್ಲಿನ ಮೇಲೆ ಕೂತಿದ್ದ ಕೋಟಿನವರು ಒಬ್ಬೊಬ್ಬರಾಗಿ ಎದ್ದರು. ಎಲ್ಲರಿಗಿಂತ ಹಿಂದೆ, ಬೇವಿನ ಬೊಡ್ಡೆಗೆ ಒರಗಿ ನಿಂತಿದ್ದ ಜಟ್ಟೆಪ್ಪ ಮುಂದೆ ಬಂದ. ಅವನು ಅಳುತ್ತಿದ್ದ. ಅವಳ ಪೆಟ್ಟಿಗೆಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ನಡಿಯವ್ವಾ. ಗಡ್ಡ್ಯಾಗ ಮಂದಿ ಕಾಯಾಕ ಹತ್ಯಾರ" ಅಂದ.

ಮಿಷನ್ನಿನವರು ಆ ಮನೆಯನ್ನು ಮತ್ತೆ ತೆರೆದರು. ಅವಳು ಇರುವವರೆಗೂ ಔಷಧಿ ತಪ್ಪಲಿಲ್ಲ. ಅವಳು ಹೋದ ಮೇಲೆ ತಪ್ಪಿತು. ಮಿಷನ್ನಿನವರು ಹೋಗಿ ಸರಕಾರದವರು ಬಂದರು, ಬೋರ್ಡು ಬಂತು, ನರ್ಸು ಬರಲಿಲ್ಲ. ಅದು ಈಗಲೂ ಹಾಗೇ ಇದೆ, ನೀವೇ ನೋಡೀರಿ.

ಅದಕ್ಕೇ ಹೊಳೆಗೆ ಕೆಂಪು ನೀರು ಬಂದ ದಿನ ನಮ್ಮ ಗಡ್ಡೆಯ ಹೆಂಗಸರು, ಹೊರಗೇರಿಯ ಹೆಂಗಸರು ಇವತ್ತಿಗೂ ಕೂಡಿ ಹೋಗುತ್ತಾರೆ. ಸುವಾರ್ತವ್ವನ ಹೆಸರಲ್ಲಿ ಕಾಯಿ ಒಡೆಯುವುದಿಲ್ಲ, ಕರ್ಪೂರ ಹಚ್ಚುವುದಿಲ್ಲ. ಆ ಮನೆಯ ಮುಂದೆ ನಿಂತು ಬೈಯುತ್ತಾರೆ. ಬಾಯ್ತುಂಬ ಬೈಯುತ್ತಾರೆ. ಬರದ ನರ್ಸನ್ನು, ಬಾರದ ಆಸ್ಪತ್ರೆ ಗಾಡಿಯನ್ನು, ಆ ವರ್ಷ ತಡವಾಗಿ ಸತ್ತವರ ಹೆಸರು ಹಿಡಿದು ತಡ ಮಾಡಿದವರನ್ನು. ಮೊದಲ ಸಲ ಬಂದ ಸೊಸೆಯಂದಿರು ನಾಚುತ್ತಾರೆ, ಅತ್ತೆಯಂದಿರು ಕಲಿಸಿಕೊಡುತ್ತಾರೆ. ಬೈದು ಮುಗಿದ ಮೇಲೆ ಮನೆಗೆ ಹೋಗುವುದಿಲ್ಲ. ಎಲ್ಲರೂ ನಡೆದು ತಾಲ್ಲೂಕಿನ ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಯ ಸಾಹೇಬರು ಕುರ್ಚಿ ತರಿಸಿ, ಚಹಾ ತರಿಸಿ, ಕೂಡ್ರಿ ತಾಯಂದಿರೇ ಅನ್ನುತ್ತಾರೆ. ಒಬ್ಬಳೂ ಕೂಡುವುದಿಲ್ಲ. ಔಷಧಿಯ ಪೆಟ್ಟಿಗೆ ಹೊರಗೆ ಬರುವವರೆಗೂ ನಿಂತೇ ಇರುತ್ತಾರೆ.